ಅಪ್ಪಯ್ಯನ ಹೃದಯ ಹಿಗ್ಗಿದೆ, ಇಸಿಜಿಯೂ ಸರಿಯಿಲ್ಲ: ಮೂರು ತಿಂಗಳು ಕಾಯಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಅಪ್ಪಯ್ಯನಿಗೆ 54 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಕಳೆದ ಮಳೆಗಾಲದಿಂದ ತೋಟದ ಏರು ಹತ್ತುವಾಗ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಶಿವಮೊಗ್ಗದಲ್ಲಿ ಎಕೋ ಮಾಡಿಸಿದಾಗ ಹೃದಯ ಹಿಗ್ಗಿದೆ, ಪಂಪಿಂಗ್ ಶೇ. 28 ಎಂದರು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ. ಇಸಿಜಿಯಲ್ಲಿ ಎಲ್‌ಬಿಬಿಬಿ, ಕ್ಯೂಆರ್‌ಎಸ್ 160 ಎಂದು ಬರೆದಿದ್ದಾರೆ. 24 ಗಂಟೆಯ ಹೋಲ್ಟರ್‌ನಲ್ಲಿ ಹೆಚ್ಚುವರಿ ಬಡಿತ ಶೇ. 9, ಒಮ್ಮೆ ಏಳು ಬಡಿತ ಒಟ್ಟಿಗೆ ವೇಗವಾಗಿ ಬಂದಿವೆಯಂತೆ. ಮೂರು ತಿಂಗಳು ಮಾತ್ರೆ ಕೊಟ್ಟು ನೋಡೋಣ, ಆಮೇಲೆ ಮಷಿನ್ ಹಾಕುವುದನ್ನು ಯೋಚಿಸೋಣ ಎಂದಿದ್ದಾರೆ. ರಕ್ತನಾಳ ಚೆನ್ನಾಗಿದ್ದ ಮೇಲೆ ಮಷಿನ್ ಯಾಕೆ ಎನ್ನುತ್ತಾರೆ ಸೋದರಮಾವ. ಕಾಯುವಷ್ಟರಲ್ಲಿ ಏನಾದರೂ ಆಗಿಬಿಟ್ಟರೆ ಎಂದು ಅಮ್ಮನಿಗೆ ಹೆದರಿಕೆ. ನಮ್ಮ ಚಿಕ್ಕಪ್ಪ 42ನೇ ವಯಸ್ಸಿಗೆ ಅಂಗಳದಲ್ಲಿ ಕುಸಿದು ಬಿದ್ದು ತೀರಿಕೊಂಡಿದ್ದರು. ನನಗೂ ತಮ್ಮನಿಗೂ ಇದು ಬರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಚಿಕ್ಕಪ್ಪನ ವಿಷಯಕ್ಕೆ. ಅದನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಹೇಳಿದ್ದೀರಾ? ಹೇಳಿರದಿದ್ದರೆ ಮುಂದಿನ ತಪಾಸಣೆಯ ತನಕ ಇಟ್ಟುಕೊಳ್ಳಬೇಡಿ, ಈ ವಾರವೇ ಹೇಳಿ. ಮೂರು ತಿಂಗಳು ಕಾಯಬಹುದೇ ಎಂಬ ಪ್ರಶ್ನೆಗೆ ಉತ್ತರ ಬದಲಾಗುವುದಿದ್ದರೆ ಆ ಒಂದು ಸಂಗತಿಯಿಂದಲೇ ಬದಲಾದೀತು. ಉಳಿದಂತೆ ನಿಮ್ಮ ವೈದ್ಯರು ಹಿಡಿದಿರುವ ಕ್ರಮ ಸರಿಯಾಗಿದೆ. ನನ್ನ ಒತ್ತಾಯ ಇಷ್ಟೇ: ಆ ಮೂರು ತಿಂಗಳು ಸುಮ್ಮನೆ ದಿನ ಎಣಿಸುವ ಕಾಲ ಆಗಬಾರದು. ಮಾಡಲು ಬೇಕಾದಷ್ಟು ಕೆಲಸವಿದೆ, ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ತಂದೆಯವರಿಗಿರುವ ತೊಂದರೆಗೆ ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಹೃದಯದ ಸ್ನಾಯುವೇ ಸೊರಗಿ, ಎಡ ಕೆಳಕೋಣೆ ಹಿಗ್ಗಿ, ಹಿಂಡುವ ಬಲ, ಅಂದರೆ ವರದಿಯಲ್ಲಿ ಬರೆದ ಪಂಪಿಂಗ್, ಕಡಿಮೆಯಾಗುವ ಕಾಯಿಲೆ ಇದು. ರಕ್ತನಾಳದ ಅಡೆತಡೆಯಿಂದ ಬಂದದ್ದಲ್ಲ ಎಂದು ಆಂಜಿಯೋಗ್ರಾಂ ಹೇಳಿತು. ಹಾಗೆಂದು ಅಪಾಯವಿಲ್ಲ ಎಂದು ಅದು ಹೇಳಲಿಲ್ಲ. ಸೋದರಮಾವನವರ ಮಾತಿನಲ್ಲಿ ತಪ್ಪಿರುವುದು ಇಲ್ಲೇ. ರಕ್ತನಾಳ ಒಂದು ವ್ಯವಸ್ಥೆ, ಸ್ನಾಯು ಇನ್ನೊಂದು, ಬಡಿತವನ್ನು ಹುಟ್ಟಿಸಿ ಹಂಚುವ ವಿದ್ಯುತ್ ಹಾದಿ ಮೂರನೆಯದು. ನಿಮ್ಮ ತಂದೆಯವರಿಗೆ ಮೊದಲನೆಯದು ಚೆನ್ನಾಗಿದೆ, ಉಳಿದೆರಡೂ ಕೆಟ್ಟಿವೆ. ಈಗ ಮಾತಾಡುತ್ತಿರುವ ಮಷಿನ್ ಮೂರನೆಯದಕ್ಕೆ.

ಇಸಿಜಿ ಕಾಗದವನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಮಿಲಿಮೀಟರಿನ ಸಣ್ಣ ಚೌಕಗಳಿವೆ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವುದರಿಂದ ಒಂದು ಸಣ್ಣ ಚೌಕ ಎಂದರೆ 40 ಮಿಲಿಸೆಕೆಂಡು. ಎತ್ತರಕ್ಕೋ ಆಳಕ್ಕೋ ಚುಚ್ಚಿದಂತೆ ಕಾಣುವ ದೊಡ್ಡ ಗೆರೆಯೇ ಕ್ಯೂಆರ್‌ಎಸ್, ಕೆಳಕೋಣೆಗಳಿಗೆ ವಿದ್ಯುತ್ ಹರಡಲು ಹಿಡಿದ ಸಮಯ. ಆರೋಗ್ಯವಂತರಲ್ಲಿ ಅದು ಮೂರು ಸಣ್ಣ ಚೌಕದೊಳಗೆ, ಅಂದರೆ 120ರ ಕೆಳಗೆ ಮುಗಿಯುತ್ತದೆ. ನಿಮ್ಮ ತಂದೆಯವರಲ್ಲಿ ಪೂರ್ತಿ ನಾಲ್ಕು ಚೌಕ ಹಿಡಿದಿದೆ. ವಿ6 ಎಂದು ಬರೆದ ಕಡೆ ನೋಡಿದರೆ ಆ ಗೆರೆಯ ತುದಿ ಚೂಪಾಗಿರದೆ ಅಗಲವಾಗಿ, ನೆತ್ತಿಯಲ್ಲಿ ಸೀಳಿದಂತೆ ಕಂಡೀತು. ಎಲ್‌ಬಿಬಿಬಿಯ ಗುರುತು ಅದು.

ಕೆಳಕೋಣೆಗೆ ವಿದ್ಯುತ್ ಇಳಿಯಲು ಎಡಕ್ಕೊಂದು ಬಲಕ್ಕೊಂದು ಕವಲಿದೆ. ಎಡಗವಲು ಕೆಲಸ ಮಾಡದಿರುವುದೇ ಎಲ್‌ಬಿಬಿಬಿ. ಆಗ ಸಂಕೇತ ಬಲಗಡೆಯಿಂದ ಇಳಿದು, ಸ್ನಾಯುವಿನ ಮೂಲಕ ತೆವಳಿಕೊಂಡು ಎಡಗಡೆಗೆ ಬರಬೇಕಾಗುತ್ತದೆ. ನಡುವಿನ ಗೋಡೆ ಮೊದಲು ಕುಗ್ಗುತ್ತದೆ, ಎಡ ಹೊರಗೋಡೆ ತಡವಾಗಿ ಕುಗ್ಗುತ್ತದೆ. ಪಲ್ಲಕ್ಕಿ ಹೊತ್ತ ಮುಂದಿನವರು ಹೆಜ್ಜೆ ಎತ್ತಿದ ಮೇಲೆ ಹಿಂದಿನವರು ಎತ್ತಿದರೆ ಏನಾಗುತ್ತದೋ ಹಾಗೆ: ಬಲ ಎಲ್ಲರಲ್ಲೂ ಇದೆ, ಪಲ್ಲಕ್ಕಿ ಮಾತ್ರ ಮುಂದೆ ಹೋಗುವುದಿಲ್ಲ. ಮೊದಲೇ ಸೊರಗಿದ ಹೃದಯದಲ್ಲಿ ಇದರ ನಷ್ಟ ದೊಡ್ಡದು. ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯುಗಳೂ ಹೊತ್ತು ತಪ್ಪುವುದರಿಂದ ರಕ್ತ ಹಿಂದಕ್ಕೆ ಸೋರಬಹುದು. ನಿಮ್ಮ ಎಕೋ ವರದಿಯಲ್ಲಿ ಎಂಆರ್ ಎಂದು ಬರೆದಿದ್ದರೆ ಅದರ ಒಂದು ಪಾಲು ಇದರಿಂದಲೂ ಇರಬಹುದು.

ಹೃದಯ ಹಿಗ್ಗಿದ್ದರಿಂದ ವಿದ್ಯುತ್ ಕೆಟ್ಟಿತೋ, ವಿದ್ಯುತ್ ಕೆಟ್ಟಿದ್ದರಿಂದ ಹೃದಯ ಹಿಗ್ಗಿತೋ? ಎರಡೂ ಆಗುತ್ತದೆ, ಚಿಕಿತ್ಸೆಯ ದಾರಿ ಇದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಸ್ನಾಯುವಿನ ನಡುವೆ ನಾರಿನಂಥ ಕಲೆ ಬೆಳೆದು, ಗೋಡೆ ಹಿಗ್ಗಿ, ಹಾದಿ ತುಂಡಾಗುತ್ತದೆ. ಆದರೆ ವರ್ಷಗಟ್ಟಲೆ ಇದ್ದ ಎಲ್‌ಬಿಬಿಬಿಯೇ ಕೆಲವರ ಹೃದಯವನ್ನು ದಣಿಸಿ ಹಿಗ್ಗಿಸುವುದುಂಟು. ಹಿಡಿತಕ್ಕೆ ಸಿಗದ ವೇಗದ ಬಡಿತ, ಅತಿಯಾದ ಹೆಚ್ಚುವರಿ ಬಡಿತ ಇವೂ ಹಾಗೆ ಮಾಡಬಲ್ಲವು. ಅಂಥವರಲ್ಲಿ ವಿದ್ಯುತ್ ದೋಷ ಸರಿಪಡಿಸಿದರೆ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಹಳೆಯ ಇಸಿಜಿ ಎಲ್ಲಾದರೂ ಇದೆಯೇ ಹುಡುಕಿ. ಹರ್ನಿಯಾ ಆಪರೇಷನ್ನಿಗೋ ವಿಮೆಗೋ ಮಾಡಿಸಿದ್ದಾದರೂ ಸರಿ. ಹತ್ತು ವರ್ಷದ ಹಿಂದೆಯೇ ಆ ನಾಲ್ಕು ಚೌಕ ಇತ್ತೋ ಇಲ್ಲವೋ ಎಂಬುದು ನಿಮ್ಮ ವೈದ್ಯರಿಗೆ ಬೆಲೆಬಾಳುವ ಸುಳಿವು.

ಇನ್ನು ಹೋಲ್ಟರ್, ಅಂದರೆ ಇಡೀ ದಿನದ ಬಡಿತವನ್ನು ದಾಖಲಿಸುವ ಪರೀಕ್ಷೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಶೇ. 9 ಎಂದರೆ ಒಂಬತ್ತು ಸಾವಿರದಷ್ಟು ಬಡಿತಗಳು ಕೆಳಕೋಣೆಯಿಂದಲೇ ಅವಸರವಾಗಿ ಹುಟ್ಟಿವೆ. ಇವು ಶೇ. 10 ದಾಟಿದಾಗ ನಾವು ಗಂಭೀರವಾಗಿ ನೋಡುತ್ತೇವೆ, ಶೇ. 20 ದಾಟಿದರೆ ಅವೇ ಹೃದಯವನ್ನು ಕೆಡಿಸುತ್ತಿವೆಯೇ ಎಂಬ ಅನುಮಾನ ಬಲವಾಗುತ್ತದೆ. ಒಂದೇ ಜಾಗದಿಂದ ಹುಟ್ಟುತ್ತಿದ್ದರೆ ಕ್ಯಾತಿಟರ್ ಹಾಕಿ ಆ ಜಾಗವನ್ನು ಸುಡುವ ಚಿಕಿತ್ಸೆ ಇದೆ. ನಿಮ್ಮ ತಂದೆಯವರದು ಗಡಿಯ ಹತ್ತಿರ. ಔಷಧಿ ಹತ್ತಿದ ಮೇಲೆ ಇನ್ನೊಮ್ಮೆ ಹೋಲ್ಟರ್ ಮಾಡಿಸುವುದು ಒಳ್ಳೆಯದು.

ಆ ಏಳು ಬಡಿತದ ಸಾಲು ನನಗೆ ಹೆಚ್ಚು ಮುಖ್ಯ. ಕೆಳಕೋಣೆಯಿಂದ ಮೂರು ಅಥವಾ ಹೆಚ್ಚು ಬಡಿತ ಒಟ್ಟಿಗೆ, ನಿಮಿಷಕ್ಕೆ ನೂರಕ್ಕಿಂತ ವೇಗವಾಗಿ ಬಂದು 30 ಸೆಕೆಂಡಿನೊಳಗೆ ತಾನಾಗಿ ನಿಂತರೆ ಎನ್‌ಎಸ್‌ವಿಟಿ ಎನ್ನುತ್ತೇವೆ. ಈ ಕಾಯಿಲೆಯಲ್ಲಿ ಹೋಲ್ಟರ್ ಹಾಕಿದಾಗ ಇದು ಕಾಣಿಸುವುದು ಅಪರೂಪವೇನಲ್ಲ, ಅದೊಂದನ್ನೇ ಹಿಡಿದುಕೊಂಡು ಗಾಬರಿಯಾಗಬೇಕಿಲ್ಲ. ಆದರೆ ಪಂಪಿಂಗ್ ಕಡಿಮೆ ಇದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಜೊತೆಗೆ ಇದೂ ಇದ್ದರೆ ಲೆಕ್ಕ ಬೇರೆ.

ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಬಿಪಿ ಮಷಿನ್ ತೋರಿಸುವ ನಾಡಿಯ ಲೆಕ್ಕವನ್ನು ಪೂರ್ತಿ ನಂಬಬೇಡಿ. ಅವಸರದ ಬಡಿತದಲ್ಲಿ ಹೃದಯ ತುಂಬಿರುವುದಿಲ್ಲವಾದ್ದರಿಂದ ಆ ಬಡಿತ ಮಣಿಕಟ್ಟಿನ ತನಕ ತಲುಪದೇ ಹೋಗಬಹುದು. ಹೃದಯ 80 ಬಡಿದರೂ ಮಷಿನ್ 45 ತೋರಿಸುತ್ತದೆ, ಮನೆಯವರು ಹೆದರಿ, ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗಾದಾಗ ಮಾತ್ರೆಗೆ ಕೈ ಹಾಕುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಒಂದು ಇಸಿಜಿ ತೆಗೆಸಿ.

ಈಗ ಮೂರು ತಿಂಗಳ ವಿಷಯ. ಹೃದಯದೊಳಗೆ ಶಾಕ್ ಕೊಟ್ಟು ಕಾಪಾಡುವ ಐಸಿಡಿಯನ್ನು, ಪಂಪಿಂಗ್ ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದರೂ, ಕನಿಷ್ಠ ಮೂರು ತಿಂಗಳು ಸರಿಯಾದ ಔಷಧಿ ಕೊಟ್ಟ ಮೇಲೆಯೇ ನಿರ್ಧರಿಸಬೇಕು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಕಾರಣ ಸರಳ: ಔಷಧಿಯಿಂದಲೇ ಪಂಪಿಂಗ್ ಏರಿ ಮಷಿನ್ ಬೇಡವಾಗುವವರು ಬಹಳ ಮಂದಿ. ಆದರೆ ಸರಿಯಾದ ಔಷಧಿ ಎಂಬ ಮಾತಿನ ತೂಕ ನಮ್ಮ ಕಡೆ ಕಡಿಮೆಯಾಗಿಬಿಡುತ್ತದೆ. ಈಗ ಈ ಕಾಯಿಲೆಗೆ ನಾಲ್ಕು ಬಗೆಯ ಔಷಧಿ ಬೇಕು: ಸಾಕ್ಯುಬಿಟ್ರಿಲ್-ವಲ್ಸಾರ್ಟಾನ್ ಅಥವಾ ಆ ಗುಂಪಿನದು, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಬೈಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಶುರುವಾಗುವುದು 1.25 ಮಿಲಿಗ್ರಾಂನಿಂದ, ತಲುಪಬೇಕಾದ ಗುರಿ 10. ರಕ್ತದೊತ್ತಡ, ನಾಡಿ ನೋಡಿಕೊಂಡು ಎರಡೆರಡು ವಾರಕ್ಕೆ ಏರಿಸುತ್ತಾ ಹೋಗಬೇಕು. ಶಿವಮೊಗ್ಗಕ್ಕೆ ಹೋಗಿಬರಲು ಒಂದು ದಿನ ಹಾಳು, ಮಳೆ ಬೇರೆ, ತೋಟದಲ್ಲಿ ಕೆಲಸ ಬೇರೆ ಎಂದು ಹಳೇ ಚೀಟಿ ತೋರಿಸಿ ಅದೇ 1.25ನ್ನು ಮೂರು ತಿಂಗಳು ನುಂಗಿದವರಿಗೆ ಮೂರು ತಿಂಗಳ ಚಿಕಿತ್ಸೆ ಆಯಿತು ಎನ್ನಲು ಬರುವುದಿಲ್ಲ. ದಿನ ಕಳೆಯಿತು ಅಷ್ಟೇ. ಎರಡು ವಾರಕ್ಕೊಮ್ಮೆ ನಿಮ್ಮ ಊರಿನ ಹತ್ತಿರದ ಎಂಬಿಬಿಎಸ್ ವೈದ್ಯರ ಹತ್ತಿರ ಬಿಪಿ, ನಾಡಿ, ತೂಕ ಬರೆಸಿ, ಶಿವಮೊಗ್ಗದ ವೈದ್ಯರಿಗೆ ಕಳಿಸಿ, ಡೋಸ್ ಏರಿಸಬಹುದೇ ಎಂದು ಕೇಳಿ. ಕೇಳಲು ಸಂಕೋಚ ಬೇಡವೇ ಬೇಡ.

ಈ ಮಾತ್ರೆಗಳು ಬರೀ ಉಸಿರಾಟಕ್ಕೆ ಎಂದು ತಿಳಿಯಬೇಡಿ. 1999ರಲ್ಲಿ ಪ್ರಕಟವಾದ ಮೆರಿಟ್-ಎಚ್‌ಎಫ್ ಎಂಬ ದೊಡ್ಡ ಅಧ್ಯಯನದಲ್ಲಿ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ತೆಗೆದುಕೊಂಡವರಲ್ಲಿ ಹಠಾತ್ ಸಾವು ಶೇ. 41ರಷ್ಟು ಕಡಿಮೆಯಾಗಿತ್ತು. ಹೆದರಿಕೆಯಲ್ಲಿರುವ ನಿಮ್ಮ ಅಮ್ಮನವರಿಗೆ ಇದನ್ನು ಹೇಳಿ: ಕಾಯುವ ಕಾಲದಲ್ಲಿ ನಿಮ್ಮ ತಂದೆಯವರಿಗೆ ಕಾವಲೇ ಇಲ್ಲವೆಂದಲ್ಲ, ಮಾತ್ರೆಯೂ ಕಾವಲು.

ಮೂರು ತಿಂಗಳ ಮೇಲೆ ಎಕೋದಲ್ಲಿ ಏರಿಕೆ ಕಾಣದಿದ್ದರೆ ಯಾವ ಮಷಿನ್? ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಬಹಳ ಮನೆಗಳಲ್ಲಿ ಕಲಸಿಹೋಗುತ್ತವೆ. ಸಿಆರ್‌ಟಿ ಎಂಬುದು ಎಡ-ಬಲ ಗೋಡೆಗಳನ್ನು ಒಟ್ಟಿಗೆ ಕುಗ್ಗಿಸುವ ಪೇಸ್‌ಮೇಕರ್. ಮೂರು ತಂತಿ ಇರುತ್ತವೆ, ಮೂರನೆಯದು ಹೃದಯದ ಅಭಿಧಮನಿಯೊಳಗೆ ಸಾಗಿ ಎಡಗೋಡೆಯನ್ನು ಮುಟ್ಟುತ್ತದೆ. ಎಲ್‌ಬಿಬಿಬಿ ಇದ್ದು ಕ್ಯೂಆರ್‌ಎಸ್ 150 ಅಥವಾ ಹೆಚ್ಚಿದ್ದವರಿಗೆ ಇದರ ಫಲ ಚೆನ್ನಾಗಿರುತ್ತದೆ. ನಿಮ್ಮ ತಂದೆಯವರು ಆ ಗುಂಪಿನಲ್ಲೇ ಇದ್ದಾರೆ. 2005ರ ಕೇರ್-ಎಚ್‌ಎಫ್ ಅಧ್ಯಯನದಲ್ಲಿ 813 ಜನರಿದ್ದರು. ಬರೀ ಔಷಧಿಯಲ್ಲಿದ್ದವರಲ್ಲಿ ಶೇ. 30 ಮಂದಿ ತೀರಿಕೊಂಡರೆ ಸಿಆರ್‌ಟಿ ಹಾಕಿಸಿಕೊಂಡವರಲ್ಲಿ ಶೇ. 20. ಆದರೂ ಮೂವರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಗುಣ ಕಾಣುವುದಿಲ್ಲ ಎಂಬುದನ್ನೂ ತಿಳಿದೇ ಒಪ್ಪಬೇಕು.

ಐಸಿಡಿಯ ಕೆಲಸ ಬೇರೆ. ಅದು ಹೃದಯವನ್ನು ಬಲಪಡಿಸುವುದಿಲ್ಲ, ಏದುಸಿರು ಕಡಿಮೆ ಮಾಡುವುದಿಲ್ಲ. ಜೀವಕ್ಕೆ ಅಪಾಯವಾಗುವ ಲಯ ಬಂದಾಗ ಅದನ್ನು ತಡೆಯುತ್ತದೆ. ರಕ್ತನಾಳದ ತೊಂದರೆ ಇಲ್ಲದವರಿಗೆ ಇದು ಎಷ್ಟು ಬೇಕು ಎಂಬ ಪ್ರಶ್ನೆಯನ್ನು ಡೆನ್ಮಾರ್ಕಿನ ವೈದ್ಯರು 1,116 ಜನರಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಹಠಾತ್ ಹೃದಯಸ್ತಂಭನದ ಸಾವು ಶೇ. 8.2ರಿಂದ ಶೇ. 4.3ಕ್ಕೆ ಇಳಿಯಿತು. ಎಲ್ಲ ಕಾರಣಗಳ ಸಾವು ಸೇರಿಸಿದರೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವಯಸ್ಸು ಕಡಿಮೆ ಇದ್ದವರಲ್ಲಿ ಲಾಭ ಕಂಡಿತು. ಹೀಗಾಗಿ ಎರಡೂ ಸೇರಿದ ಸಿಆರ್‌ಟಿ-ಡಿ ಬೇಕೇ, ಬರೀ ಸಿಆರ್‌ಟಿ-ಪಿ ಸಾಕೇ ಎಂಬುದನ್ನು ಒಬ್ಬೊಬ್ಬರಿಗೂ ಬೇರೆಯಾಗಿಯೇ ತೂಗಬೇಕು. 54 ವರ್ಷ, ಎನ್‌ಎಸ್‌ವಿಟಿ, ಅವರ ತಮ್ಮನ (ನಿಮ್ಮ ಚಿಕ್ಕಪ್ಪನ) ಹಠಾತ್ ಸಾವು: ನನ್ನ ಅಭಿಪ್ರಾಯದಲ್ಲಿ ಇವು ಮೂರೂ ತಕ್ಕಡಿಯನ್ನು ಸಿಆರ್‌ಟಿ-ಡಿ ಕಡೆಗೆ ವಾಲಿಸುತ್ತವೆ.

ತೂಗಲು ಇನ್ನೊಂದು ಸಾಧನ ಹೃದಯದ ಎಂಆರ್‌ಐ. ಈ ಕಾಯಿಲೆಯವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಸ್ನಾಯುವಿನ ನಡುಪದರದಲ್ಲಿ ಕಲೆ ಕಾಣುತ್ತದೆ. ಅಪಾಯದ ಲಯ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಮಷಿನ್ ಹಾಕಿದ ಮೇಲೆ ಚಿತ್ರ ಸರಿಯಾಗಿ ಬರುವುದು ಕಷ್ಟ, ಆದ್ದರಿಂದ ಎಂಆರ್‌ಐ ಈ ಮೂರು ತಿಂಗಳೊಳಗೇ ಆಗಬೇಕಾದ ಕೆಲಸ. ಹೃದಯದ ವಿದ್ಯುತ್ ದೋಷಗಳನ್ನು ನೋಡುವ ಎಲೆಕ್ಟ್ರೋಫಿಸಿಯಾಲಜಿ ವಿಭಾಗ ಇರುವ ಆಸ್ಪತ್ರೆಯಲ್ಲಿ, ಉದಾಹರಣೆಗೆ ಬೆಂಗಳೂರಿನ ಜಯದೇವದಲ್ಲಿ, ಒಮ್ಮೆ ಅಭಿಪ್ರಾಯ ಕೇಳುವುದಕ್ಕೂ ಇದೇ ಸಮಯ. ಹೋಗುವಾಗ ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಜೊತೆಗಿರಲಿ. ಯಾವ ಚಿಕಿತ್ಸೆಗೆ ಎಷ್ಟು ನೆರವು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲೇ ಕೇಳಿ.

ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಅಂಗಳದಲ್ಲಿ ಕುಸಿದವರೆಲ್ಲ ಹಾರ್ಟ್ ಅಟ್ಯಾಕಿನಿಂದಲೇ ಹೋದರು ಎಂದು ನಾವು ಮಾತಾಡುತ್ತೇವೆ. 42ರ ವಯಸ್ಸಿನಲ್ಲಿ ಹಾಗೆ ಆಗಿದ್ದು, ಅಣ್ಣನಿಗೆ ಈಗ ಈ ಕಾಯಿಲೆ ಇದೆಯೆಂದ ಮೇಲೆ, ಒಂದೇ ಅನುವಂಶೀಯ ದೋಷ ಇಬ್ಬರಲ್ಲೂ ಇತ್ತೇ ಎಂದು ನೋಡಲೇಬೇಕು. ಹಿಗ್ಗಿದ ಹೃದಯದ ಕಾಯಿಲೆಗೆ ಕಾರಣವಾಗುವ ಜೀನುಗಳಲ್ಲಿ ಹೆಚ್ಚು ಸಿಗುವುದು ಟೈಟಿನ್. ಆದರೆ ವಿದ್ಯುತ್ ದೃಷ್ಟಿಯಿಂದ ನಾವು ಹೆಚ್ಚು ಹೆದರುವುದು ಲ್ಯಾಮಿನ್ ಎ/ಸಿ ಎಂಬ ಜೀನಿನ ದೋಷಕ್ಕೆ. ಅದರಲ್ಲಿ ಹೃದಯ ಹಿಗ್ಗುವ ಎಷ್ಟೋ ವರ್ಷ ಮೊದಲೇ ಇಸಿಜಿ ಕೆಡುತ್ತದೆ. ಮೇಲ್ಕೋಣೆಯಿಂದ ಕೆಳಕೋಣೆಗೆ ಸಂಕೇತ ಇಳಿಯುವ ಪಿಆರ್ ಅಂತರ ಐದು ಸಣ್ಣ ಚೌಕ, ಅಂದರೆ 200 ಮಿಲಿಸೆಕೆಂಡು ದಾಟುತ್ತದೆ. ಆಮೇಲೆ ಮೇಲ್ಕೋಣೆ ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್, ನಿಧಾನದ ಬಡಿತ, ಕೊನೆಗೆ ಕೆಳಕೋಣೆಯ ವೇಗದ ಲಯ. ಅಂಥವರಲ್ಲಿ ಪಂಪಿಂಗ್ ಶೇ. 35ಕ್ಕೆ ಇಳಿಯುವ ತನಕ ಕಾಯದೆ ಐಸಿಡಿ ಹಾಕುವುದಿದೆ. ನಿಮ್ಮ ತಂದೆಯವರ ಇಸಿಜಿಯಲ್ಲಿ ಪಿಆರ್ ಎಷ್ಟಿದೆ ಎಂದು ನೀವು ಬರೆದಿಲ್ಲ, ಅದೇ ಕಾಗದದ ಮೇಲ್ತುದಿಯಲ್ಲಿ ಅಚ್ಚಾಗಿರುತ್ತದೆ. ವಂಶವಾಹಿ ಪರೀಕ್ಷೆಯ ಬಗ್ಗೆ ಕೇಳಿ. ಮೂರು ತಿಂಗಳ ನಿಯಮವನ್ನು ಬದಿಗಿಡುವ ಕಾರಣ ನಿಮ್ಮ ಮನೆಯಲ್ಲಿ ಇದ್ದರೆ ಅದು ಇದೇ.

ಇನ್ನೊಂದು ಕಾರಣ ಎಚ್ಚರ ತಪ್ಪುವುದು. ನಿಂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ಇದ್ದಕ್ಕಿದ್ದಂತೆ ಜೋರಾಗಿ ಹೊಡೆದುಕೊಂಡು ಬೆವರಿದರೆ, ಪಿತ್ತ ಎಂದೋ ಬಿಸಿಲು ಎಂದೋ ಸಮಾಧಾನ ಮಾಡಿಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಈ ಕಾಯಿಲೆಯಲ್ಲಿ ಎಡ-ಬಲ ಕವಲುಗಳ ನಡುವೆಯೇ ವಿದ್ಯುತ್ ಸುತ್ತು ಹೊಡೆಯುವ ಒಂದು ಬಗೆಯ ವೇಗದ ಲಯವಿದೆ. ಗುರುತಿಸಿದರೆ ಬಲಗವಲನ್ನು ಸುಟ್ಟು ಆ ಸುತ್ತನ್ನು ಮುರಿಯಬಹುದು. ಗುರುತಿಸಬೇಕಾದರೆ ಅವರು ಆಸ್ಪತ್ರೆಯಲ್ಲಿರಬೇಕು. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ಗುಡ್ಡ ಅಡ್ಡ, 108 ಬರುವಷ್ಟರಲ್ಲಿ ಹೊತ್ತಾಗುತ್ತದೆ. ಮನೆಯಲ್ಲಿ ಇಬ್ಬರಾದರೂ ಎದೆ ಒತ್ತುವುದನ್ನು ಕಲಿತಿರಿ: ಎದೆಯ ನಡುವೆ, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ.

ಸದ್ಯಕ್ಕೆ ತಂದೆಯವರು ಮರ, ಏಣಿ ಹತ್ತುವುದು ಬೇಡ, ಒಬ್ಬರೇ ಹೊಳೆಗೆ ಇಳಿಯುವುದು ಬೇಡ, ವೈದ್ಯರು ಒಪ್ಪುವ ತನಕ ಬೈಕೂ ಬೇಡ. ತಂಬಾಕು ಹಾಕಿ ಕವಳ ಹಾಕುತ್ತಿದ್ದರೆ ತಂಬಾಕು ಇಂದೇ ಬಿಡಲಿ, ನಿಕೋಟಿನ್ ಬಡಿತವನ್ನು ಏರಿಸುತ್ತದೆ.

ಊಟದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಡಿಮೆ ಮಾಡಿ ಎಂದು ಎಲ್ಲರೂ ಹೇಳಿರುತ್ತಾರೆ. ಎಳನೀರಿನ ಬಗ್ಗೆ ಯಾರೂ ಹೇಳಿರುವುದಿಲ್ಲ. ಸ್ಪೈರೊನೊಲ್ಯಾಕ್ಟೋನ್, ಸಾಕ್ಯುಬಿಟ್ರಿಲ್-ವಲ್ಸಾರ್ಟಾನ್ ಎರಡೂ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ, ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ತಂಪು ಎಂದು ದಿನಾ ಎರಡು ಮೂರು ಕುಡಿದರೆ ಅದು ರಕ್ತದಲ್ಲಿ ಏರಿ, ಬಡಿತ ನಿಧಾನವಾಗಿ, ಕ್ಯೂಆರ್‌ಎಸ್ ಇನ್ನೂ ಅಗಲವಾಗಬಹುದು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದೂ ಬೇಡ. ಇದಕ್ಕೆ ವಿರುದ್ಧವಾಗಿ, ನೀರಿಳಿಸುವ ಫ್ರೂಸೆಮೈಡ್ ಮಾತ್ರೆ ಹೆಚ್ಚಾದರೆ, ಭೇದಿಯಾದರೆ ಪೊಟ್ಯಾಸಿಯಂ ಇಳಿದು ಹೆಚ್ಚುವರಿ ಬಡಿತಗಳು ಕೆರಳುತ್ತವೆ. ಮಾತ್ರೆ ಶುರುವಾದ ಒಂದೆರಡು ವಾರದಲ್ಲಿ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಸಿ, ಡೋಸ್ ಬದಲಾದಾಗ ಮತ್ತೆ ನೋಡಿಸಿ.

ಜ್ವರ, ವಾಂತಿ ಬಂದಾಗ ಮೆಡಿಕಲ್ ಶಾಪಿನಿಂದ ತಂದು ನುಂಗುವ ಅಜಿತ್ರೋಮೈಸಿನ್, ಲಿವೊಫ್ಲಾಕ್ಸಸಿನ್, ಒಂಡಾನ್ಸೆಟ್ರಾನ್, ಡಾಂಪೆರಿಡೋನ್ ಇವೆಲ್ಲ ಇಸಿಜಿಯ ಕ್ಯೂಟಿ ಅಂತರವನ್ನು, ಅಂದರೆ ಕೆಳಕೋಣೆ ಒಂದು ಬಡಿತ ಮುಗಿಸಿ ಮುಂದಿನದಕ್ಕೆ ಸಿದ್ಧವಾಗಲು ಹಿಡಿಯುವ ಸಮಯವನ್ನು, ಉದ್ದ ಮಾಡಿ ಅಪಾಯದ ಲಯಕ್ಕೆ ದಾರಿ ಮಾಡಬಲ್ಲವು. ಮೈಕೈ ನೋವಿನ ಡೈಕ್ಲೋಫೆನಾಕ್, ಐಬುಪ್ರೊಫೆನ್ ದೇಹದಲ್ಲಿ ನೀರು ನಿಲ್ಲಿಸುತ್ತವೆ. ಯಾವ ವೈದ್ಯರ ಹತ್ತಿರ ಹೋದರೂ ಹೃದಯದ ಚೀಟಿ ಮೊದಲು ತೋರಿಸಿ.

ಮಷಿನ್ ಹಾಕಿಸುವುದೇ ಆದರೆ ತೋಟದ ಕೆಲಸದ ಹೊತ್ತು ನೋಡಿಕೊಂಡು ದಿನ ಗೊತ್ತು ಮಾಡಿ. ಹಾಕಿದ ಕಡೆಯ ಕೈಯನ್ನು ನಾಲ್ಕರಿಂದ ಆರು ವಾರ ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ಎತ್ತಿದರೆ ತಂತಿ ಜಾಗ ಬಿಟ್ಟು ಕದಲಬಹುದು. ದೋಟಿ ಹಿಡಿದು ಅಡಿಕೆ ಕೊನೆ ಇಳಿಸುವುದು, ಔಷಧಿ ಹೊಡೆಯುವುದು ಎರಡೂ ಕೈ ಮೇಲೆತ್ತಿಯೇ ಮಾಡುವ ಕೆಲಸ. ಗಾಯ ಮಾಗಿದ ಮೇಲೆ ಎಷ್ಟು ಮಾಡಬಹುದು ಎಂದು ಕೇಳಿಕೊಂಡೇ ಶುರು ಮಾಡಲಿ. ಕಾಡುಹಂದಿ, ಆನೆಗೆಂದು ಹಾಕಿದ ಸೋಲಾರ್ ಬೇಲಿಯನ್ನು ಮುಟ್ಟಲೇಬಾರದು, ಅದರ ಹೊಡೆತವನ್ನು ಐಸಿಡಿ ಹೃದಯದ ಲಯವೆಂದು ತಪ್ಪಾಗಿ ಓದಬಹುದು. ವೆಲ್ಡಿಂಗ್ ನಡೆಯುವಲ್ಲಿ ದೂರ ನಿಲ್ಲಲಿ. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡದೆ ಮಷಿನ್‌ನಿಂದ 15 ಸೆಂ.ಮೀ. ಆಚೆ ಇಟ್ಟುಕೊಂಡರೆ ಸಾಕು. ಒಂದು ಶಾಕ್ ಬಂದು ಆರಾಮಾಗಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎರಡು ಬಂದರೆ, ಅಥವಾ ಒಂದೇ ಬಂದು ಸುಸ್ತಾದರೆ ನೇರ ಆಸ್ಪತ್ರೆಗೆ.

ಕೊನೆಯ ಪ್ರಶ್ನೆ ನೀವು ಮತ್ತು ತಮ್ಮ. ಬರಲೇಬೇಕೆಂದಿಲ್ಲ. ಇಂಥ ದೋಷಗಳು ಹೆಚ್ಚಾಗಿ ತಂದೆ-ತಾಯಿಯಿಂದ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆಯಲ್ಲಿ ದಾಟುತ್ತವೆ, ದಾಟಿದವರೆಲ್ಲರಿಗೂ ಒಂದೇ ವಯಸ್ಸಿಗೆ, ಒಂದೇ ಬಗೆಯಲ್ಲಿ ಕಾಯಿಲೆ ಕಾಣಿಸುವುದೂ ಇಲ್ಲ. ನೀವಿಬ್ಬರೂ ಈಗಲೇ ಒಂದು ಇಸಿಜಿ, ಒಂದು ಎಕೋ ಮಾಡಿಸಿ. ಚೆನ್ನಾಗಿದ್ದರೂ ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾಡಿಸುತ್ತಿರಬೇಕು. ತಂದೆಯವರಲ್ಲಿ ಜೀನಿನ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಇಲ್ಲ ಎಂದು ಬಂದವರಿಗೆ ಮುಂದಿನ ತಪಾಸಣೆಯ ಅಗತ್ಯವೇ ಇರುವುದಿಲ್ಲ. ನೀವು ಗರ್ಭಿಣಿಯಾಗುವ ಯೋಚನೆಯಲ್ಲಿದ್ದರೆ ಅದಕ್ಕೆ ಮೊದಲೇ ಎಕೋ ಆಗಲಿ. ಚಿಕ್ಕಪ್ಪನ ಮಕ್ಕಳು ಎಲ್ಲಿದ್ದಾರೆ? ಅವರಿಗೂ ಈ ವಾರವೇ ಫೋನ್ ಮಾಡಿ ಇಸಿಜಿ, ಎಕೋ ಮಾಡಿಸಿಕೊಳ್ಳಲು ಹೇಳಿ. ತಂದೆಯನ್ನು ಹಾಗೆ ಕಳೆದುಕೊಂಡವರು ಅವರು, ಅವರ ಸರದಿ ನಿಮ್ಮದಕ್ಕಿಂತ ಮೊದಲು.